ಗೋಡೆ ಒದ್ದೆಯಾಗುತ್ತಿದೆಯೇ? ಬಣ್ಣ ಬಳಿಯುವ ಮೊದಲು ನೀರಿನ ದಾರಿ ಹುಡುಕಿ

ಗೋಡೆಯ ಮೇಲೆ ಒಂದು ಕಲೆ. ಬಣ್ಣ ಉಬ್ಬಿದೆ, ಒಂದೆರಡು ಕಡೆ ಹಕ್ಕಳೆ ಎದ್ದು ಉದುರಿದೆ. ಕೋಣೆಗೆ ಕಾಲಿಟ್ಟರೆ ಮುಗ್ಗಲು ವಾಸನೆ. ಸಾಮಾನ್ಯವಾಗಿ ಆಮೇಲೆ ನಡೆಯುವುದು ಇಷ್ಟೇ: ಕೆರೆಯುವುದು, ಪುಟ್ಟಿ ಹಾಕುವುದು, ಮೇಲೆ ಬಣ್ಣ ಬಳಿಯುವುದು. ಕೆಲವು ತಿಂಗಳು ಕಳೆದರೆ ಅದೇ ಜಾಗದಲ್ಲಿ ಅದೇ ಕಲೆ, ಇನ್ನೂ ಸ್ವಲ್ಪ ಅಗಲವಾಗಿ. ಆಗ ಬಣ್ಣವನ್ನೋ ಬಣ್ಣ ಬಳಿದವರನ್ನೋ ಬೈಯುತ್ತೇವೆ. ನೀರು ಬರುವ ದಾರಿ ಮಾತ್ರ ಹಾಗೇ ತೆರೆದಿರುತ್ತದೆ.

ದಾರಿಗಳು ಮುಖ್ಯವಾಗಿ ನಾಲ್ಕು. ಹೊರಗಿನಿಂದ ಇಳಿಯುವ ಮಳೆ ನೀರು. ಪೈಪು ಅಥವಾ ಬಚ್ಚಲಿನ ಸೋರಿಕೆ. ನೆಲದಿಂದ ಮೇಲಕ್ಕೆ ಏರುವ ತೇವ. ನಾಲ್ಕನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ಕೋಣೆಯ ಗಾಳಿಯಲ್ಲಿರುವ ತೇವವೇ ತಣ್ಣನೆಯ ಗೋಡೆಗೆ ತಾಗಿ ನೀರಾಗುವುದು, ಅಂದರೆ ಗೋಡೆ ಬೆವರುವುದು. ಒಂದೊಂದಕ್ಕೂ ಮದ್ದು ಬೇರೆ. ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿದರೆ ದುಡ್ಡೂ ಹೋಗುತ್ತದೆ, ಗೋಡೆಯೂ ಕೆಡುತ್ತದೆ.

ಕಲೆ ಎಲ್ಲಿದೆ ಎಂದು ಎಲ್ಲರೂ ನೋಡುತ್ತಾರೆ. ನನ್ನನ್ನು ಕೇಳಿದರೆ, ಅದು ಯಾವಾಗ ಒದ್ದೆಯಾಗುತ್ತದೆ ಎಂದು ಮೊದಲು ನೋಡಬೇಕು. ಜಾಗ ನಂಬುವಂಥದ್ದಲ್ಲ. ಸ್ಲ್ಯಾಬಿನೊಳಗೆ ವೈರಿಗೆಂದು ಹಾಕಿದ ಕೊಳವೆಯ ಗುಂಟ ನೀರು ಹರಿದು, ಸೋರುವ ಜಾಗದಿಂದ ಎಷ್ಟೋ ಅಡಿ ದೂರದ ಲೈಟಿನ ಪಕ್ಕ ತೊಟ್ಟಿಕ್ಕಬಹುದು. ಹೊತ್ತಿನ ವಿಷಯದಲ್ಲಿ ಹೀಗೆ ದಾರಿ ತಪ್ಪುವುದು ಕಡಿಮೆ.

ಮೊದಲು ಕರೆಂಟು, ಆಮೇಲೆ ಮಿಕ್ಕಿದ್ದು

ಒದ್ದೆ ಕಲೆಯ ಹತ್ತಿರ ಸ್ವಿಚ್ ಬೋರ್ಡ್, ಪ್ಲಗ್ ಅಥವಾ ಲೈಟ್ ಇದ್ದರೆ ಆ ಭಾಗದ ಎಂಸಿಬಿ (ಮೇನ್ ಬೋರ್ಡಿನಲ್ಲಿ ಕರೆಂಟ್ ಕಡಿಯುವ ಸ್ವಿಚ್) ಇಳಿಸಿ. ಬೋರ್ಡ್ ಬಿಚ್ಚಿ ನೋಡುವ ಸಾಹಸ ಬೇಡ, ಎಲೆಕ್ಟ್ರಿಷಿಯನ್ ನೋಡಲಿ. ಮಳೆ ಬಂದಾಗಲೆಲ್ಲ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್) ತಾನಾಗಿ ಬೀಳುತ್ತಿದ್ದರೆ ಅದನ್ನು ಮತ್ತೆ ಮತ್ತೆ ಎತ್ತಿ ಹಾಕಬೇಡಿ. ನೀರು ವೈರಿನವರೆಗೆ ಬಂದಿರಬಹುದು ಎಂಬುದಕ್ಕೆ ಅದೇ ಸುಳಿವು.

ಕಲೆ ಚಾವಣಿಯಲ್ಲಿದ್ದರೆ ಉದ್ದ ಕೋಲಿನಿಂದ ಮೆಲ್ಲಗೆ ತಟ್ಟಿ. ನೇರ ಕೆಳಗೆ ನಿಲ್ಲಬೇಡಿ. ಟೊಳ್ಳು ಸದ್ದು ಬಂದರೆ ಪ್ಲಾಸ್ಟರ್ ಸ್ಲ್ಯಾಬನ್ನು ಬಿಟ್ಟಿದೆ, ಯಾವಾಗ ಬೇಕಾದರೂ ಬೀಳಬಹುದು. ಕೆಳಗಿನ ಮಂಚ, ಮೇಜು ಸರಿಸಿ. ಉದುರಿದ ಕಡೆ ತುಕ್ಕು ಹಿಡಿದ ಕಂಬಿ ಕಾಣುತ್ತಿದ್ದರೆ ಅದು ಮನೆಯಲ್ಲೇ ಮಾಡಿಕೊಳ್ಳುವ ಕೆಲಸವಲ್ಲ, ಇಂಜಿನಿಯರ್ ನೋಡಬೇಕು.

ಪೆನ್ಸಿಲ್ ಗೆರೆ ಮತ್ತು ತಾರೀಖು

ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಒಂದೆರಡು ವಾರ ದಿನಾ ಒಂದೇ ಹೊತ್ತಿಗೆ ನೋಡಿ. ಹರಡಿದ್ದರೆ ಹೊಸ ಗೆರೆ, ಹೊಸ ತಾರೀಖು. ಜೊತೆಗೆ ಒಂದು ಚೀಟಿಯಲ್ಲಿ ಆ ದಿನ ಮಳೆ ಬಂತೇ, ಬಟ್ಟೆ ಒಗೆದಿರೇ, ಎಸಿ ಓಡಿತೇ, ಕಿಟಕಿ ಮುಚ್ಚಿತ್ತೇ ಎಂದು ಬರೆದಿಡಿ. ಸುಮ್ನೆ ನೆನಪಿನ ಮೇಲೆ ಬಿಟ್ಟರೆ ಆಗುವುದಿಲ್ಲ. "ಯಾವಾಗಲೂ ಒದ್ದೆ ಇರುತ್ತೆ" ಎಂದು ಎಲ್ಲರೂ ಹೇಳುತ್ತಾರೆ, ಗೆರೆ ನೋಡಿದರೆ ಬೇರೆಯದೇ ಕಥೆ ಇರುತ್ತದೆ.

ಈ ಚೀಟಿಯನ್ನು ಹೀಗೆ ಓದಿ. ಮಳೆ ಬಂದ ಮೇಲೆ ಒದ್ದೆಯಾಗಿ, ಬಿಸಿಲು ಕಾದರೆ ಒಣಗುವುದಾದರೆ ದಾರಿ ಹೊರಗಿದೆ. ದಪ್ಪ ಗೋಡೆ ದಾಟಿ ಬರಲು ನೀರಿಗೆ ಒಂದೆರಡು ದಿನವೂ ಬೇಕಾಗಬಹುದು. ಹಾಗಾಗಿ ಮಳೆ ನಿಂತ ಮರುದಿನದ ಒದ್ದೆಯನ್ನೂ ಮಳೆಯ ಲೆಕ್ಕಕ್ಕೇ ಹಾಕಿ. ಮಳೆ ಇರಲಿ ಬಿಡಲಿ, ಕಲೆ ಒಣಗದೆ ನಿಧಾನಕ್ಕೆ ಬೆಳೆಯುತ್ತಿದ್ದರೆ ನಲ್ಲಿಗೆ ನೀರು ತರುವ ಪೈಪಿನ ಮೇಲೆ ಅನುಮಾನ ಪಡಿ, ಅದರಲ್ಲಿ ಹಗಲೂ ರಾತ್ರಿ ಒತ್ತಡ ಇರುತ್ತದೆ. ಸ್ನಾನ ಅಥವಾ ಒಗೆತದ ದಿನ ಜಾಸ್ತಿಯಾಗಿ, ಮನೆಯವರು ಊರಿಗೆ ಹೋದಾಗ ಒಣಗಿದರೆ ಬಚ್ಚಲಿನ ನೆಲ ಅಥವಾ ಹೊರಹೋಗುವ ಪೈಪು. ಎಸಿ ಓಡಿದಾಗ ಮಾತ್ರವೇ? ಅದರ ನೀರು ಹೋಗುವ ಸಣ್ಣ ಕೊಳವೆ ಲೋಳೆ ಕಟ್ಟಿ ಮುಚ್ಚಿರುತ್ತದೆ, ಇಲ್ಲವೇ ಇಳಿಜಾರು ತಪ್ಪಿರುತ್ತದೆ. ಇದು ಎಲ್ಲಕ್ಕಿಂತ ಸುಲಭದ ಕೆಲಸ.

ತಣ್ಣನೆಯ ಬೆಳಗಿನಲ್ಲಿ, ಮೂಲೆಗಳಲ್ಲಿ, ಬೀರುವಿನ ಹಿಂದೆ ಕಂಡರೆ ಗೋಡೆ ಬೆವರುತ್ತಿದೆ. ನೆಲಮಹಡಿಯಲ್ಲಿ ಬುಡದಿಂದ ಮಂಡಿ ಎತ್ತರಕ್ಕೋ ಸೊಂಟದ ಎತ್ತರಕ್ಕೋ ಪಟ್ಟಿಯಂತೆ ಹಬ್ಬಿದ್ದರೆ ನೆಲದ ತೇವ. ಅದು ಸಾಮಾನ್ಯವಾಗಿ ಸುಮಾರು 1 ಮೀಟರ್‌ಗಿಂತ ಮೇಲಕ್ಕೆ ಹೋಗುವುದಿಲ್ಲ. ಮೇಲಿನ ಮಹಡಿಯ ಗೋಡೆಗೆ ನೆಲದ ತೇವ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಕರಿ ಚುಕ್ಕೆಯೋ ಬಿಳಿ ಪುಡಿಯೋ

ಗೋಡೆಯ ಮೇಲೆ ಕಾಣುವುದನ್ನೆಲ್ಲ ಬೂಷ್ಟು ಅನ್ನುತ್ತೇವೆ, ಅಲ್ವಾ? ಬಿಳಿ ಪುಡಿ ಹೆಚ್ಚಾಗಿ ಉಪ್ಪು. ಇಟ್ಟಿಗೆ, ಗಾರೆ, ಮಣ್ಣಿನಲ್ಲಿದ್ದ ಉಪ್ಪು ನೀರಿನಲ್ಲಿ ಕರಗಿ ಬಂದು, ನೀರು ಆರಿದಾಗ ಮೇಲೆ ಉಳಿಯುತ್ತದೆ. ಸ್ವಲ್ಪ ಕೆರೆದು ಒಂದು ಹನಿ ನೀರು ಹಾಕಿ. ಕರಗಿದರೆ ಉಪ್ಪು. ಬೂಷ್ಟು ಕರಗುವುದಿಲ್ಲ. ಉಪ್ಪು ಎದ್ದಿದೆ ಎಂದರೆ ನೀರು ಗೋಡೆಯ ಒಳಗಿನಿಂದ ಹಾದು ಬಂದಿದೆ ಎಂದು ಅರ್ಥ. ಬರೀ ಬೆವರಿನಿಂದ ಉಪ್ಪು ಏಳುವುದಿಲ್ಲ. ಅಲ್ಲಿ ಕಾಣುವುದು ಕಪ್ಪು ಅಥವಾ ಹಸಿರು ಚುಕ್ಕೆಗಳ ಬೂಷ್ಟು, ಜೊತೆಗೆ ಮುಗ್ಗಲು ವಾಸನೆ.

ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಉದುರಿದ್ದನ್ನು ಗುಡಿಸಿ ಆಚೆ ಹಾಕಿ. ನೀರು ಹಾಕಿ ತೊಳೆದರೆ ಅದೇ ಉಪ್ಪು ಕರಗಿ ವಾಪಸ್ ಗೋಡೆಯೊಳಗೆ ಸೇರುತ್ತದೆ. ಬೂಷ್ಟಿಗೆ ಇದರ ತದ್ವಿರುದ್ಧ: ಒಣಗಿದ್ದಾಗ ಉಜ್ಜಿದರೆ ಅದರ ಬೀಜಕಣಗಳು ಕೋಣೆ ತುಂಬ ಹಾರುತ್ತವೆ. ಅದನ್ನು ಒದ್ದೆ ಬಟ್ಟೆಯಿಂದಲೇ ಒರೆಸಬೇಕು.

ಫಾಯಿಲ್ ಪರೀಕ್ಷೆ

ನೀರು ಗೋಡೆಯೊಳಗಿನಿಂದ ಬರುತ್ತಿದೆಯೋ ಕೋಣೆಯ ಗಾಳಿಯಿಂದಲೋ ಎಂದು ಅನುಮಾನ ಉಳಿದರೆ ಒಂದು ಅಡಿ ಉದ್ದಗಲದ ಅಲ್ಯೂಮಿನಿಯಂ ಫಾಯಿಲ್ ಸಾಕು. ಕಲೆಯ ಜಾಗವನ್ನು ಒರೆಸಿ, ಫ್ಯಾನ್ ಹಾಕಿ ಮೇಲ್ಮೈ ಆರಲು ಬಿಡಿ. ಫಾಯಿಲನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ಆಡದಂತೆ ಅಗಲವಾದ ಟೇಪು ಅಂಟಿಸಿ. ಬಣ್ಣ ಪುಡಿಪುಡಿಯಾಗಿದ್ದರೆ ಟೇಪು ಹಿಡಿಯುವುದಿಲ್ಲ. ಅಂಚಿನ ಜಾಗವನ್ನು ಮೊದಲು ಒಣಬಟ್ಟೆಯಿಂದ ಚೆನ್ನಾಗಿ ಉಜ್ಜಿ. ಅದೇ ಗೋಡೆಯ ಒಣಗಿದ ಕಡೆಯೂ ಇಂಥದ್ದೇ ಇನ್ನೊಂದು ಫಾಯಿಲ್ ಅಂಟಿಸಿದರೆ ಹೋಲಿಸಲು ಅನುಕೂಲ. 24ರಿಂದ 48 ಗಂಟೆ ಹಾಗೇ ಬಿಡಿ.

ಕೋಣೆಯ ಕಡೆಯ ಮೈ ಮೇಲೆ ಹನಿ ಕಟ್ಟಿದ್ದರೆ ಗಾಳಿಯ ತೇವ. ಬಿಚ್ಚಿ ನೋಡಿದಾಗ ಗೋಡೆಯ ಕಡೆಯ ಮೈ ಒದ್ದೆ ಇದ್ದರೆ ನೀರು ಒಳಗಿನಿಂದ ಬರುತ್ತಿದೆ. ಎರಡೂ ಕಡೆ ಒದ್ದೆಯಾದರೆ ಎರಡೂ ಕಾರಣ ಇವೆ, ಅಂಥ ಮನೆಗಳೂ ಕಡಿಮೆಯೇನಿಲ್ಲ. ಒಂದು ಎಚ್ಚರಿಕೆ: ಚೆನ್ನಾಗಿ ಬಿಸಿಲಿರುವ ವಾರದಲ್ಲಿ ಈ ಪರೀಕ್ಷೆ ಮಾಡಿ, ಹೊರಮೈ ಒಣಗಿದೆ, ಬೆವರುವ ಸಮಸ್ಯೆ ಇಲ್ಲ ಎಂದು ತೀರ್ಮಾನಿಸಬೇಡಿ. ಕಲೆ ಒದ್ದೆಯಾಗುವ ದಿನಗಳಲ್ಲೇ ಮಾಡಿದರೆ ಮಾತ್ರ ಉತ್ತರಕ್ಕೆ ಬೆಲೆ.

ಗೋಡೆ ಬೆವರುತ್ತಿದ್ದರೆ

ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈ ಮೇಲೆ ನೀರು ಕೂರುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. 25 ಡಿಗ್ರಿ ಬಿಸಿ ಇರುವ ಗಾಳಿಯಲ್ಲಿ ಶೇ. 80ರಷ್ಟು ತೇವಾಂಶ ಇದ್ದರೆ, ಗೋಡೆ ಸುಮಾರು 21 ಡಿಗ್ರಿಗೆ ಇಳಿದರೂ ಹನಿ ಕಟ್ಟಲು ಶುರುವಾಗುತ್ತದೆ. ನಾಲ್ಕೇ ಡಿಗ್ರಿ ವ್ಯತ್ಯಾಸ. ಹೊರಗೋಡೆ, ಅದರಲ್ಲೂ ಎರಡು ಹೊರಗೋಡೆಗಳು ಸೇರುವ ಮೂಲೆ, ಬೆಳಗಿನ ಜಾವ ಇಷ್ಟು ತಣ್ಣಗಾಗುವುದು ದೊಡ್ಡ ವಿಷಯವಲ್ಲ. ಆ ಮೂಲೆಗೆ ಬೀರು ಒತ್ತಿ ನಿಲ್ಲಿಸಿದರೆ ಗಾಳಿಯೂ ಆಡುವುದಿಲ್ಲ, ಬೂಷ್ಟಿಗೆ ಬೇಕಾದ್ದೆಲ್ಲ ಸಿಕ್ಕಿತು.

ತೇವಾಂಶ ಅಳೆಯುವ ಪುಟ್ಟ ಡಿಜಿಟಲ್ ಮೀಟರ್ ಸಿಗುತ್ತದೆ. ಒಂದನ್ನು ತಂದು ಆ ಕೋಣೆಯಲ್ಲಿಡಿ. ಶೇ. 60ಕ್ಕಿಂತ ಕೆಳಗೆ ಇರುವಂತೆ ನೋಡಿಕೊಳ್ಳಬೇಕು. ಸಂಜೆ ಶೇ. 60 ಇದ್ದದ್ದು ಬೆಳಗ್ಗೆ ಶೇ. 80 ಆಗಿದ್ದರೆ ರಾತ್ರಿ ಏನು ನಡೆಯುತ್ತಿದೆ ಎಂದು ಯೋಚಿಸಿ. ಹೆಚ್ಚಿನ ಸಲ ಉತ್ತರ ಕಣ್ಣೆದುರೇ ಇರುತ್ತದೆ: ಕೋಣೆಯೊಳಗೆ ಒಣಹಾಕಿದ ಬಟ್ಟೆ, ಬಾಗಿಲು ತೆರೆದಿಟ್ಟ ಬಚ್ಚಲಿನಿಂದ ಬಂದ ಹಬೆ, ಮುಚ್ಚಳ ಇಲ್ಲದೆ ಕುದಿಸುವ ಪಾತ್ರೆ. ಸ್ನಾನದ ಮೇಲೂ 15–20 ನಿಮಿಷ ಎಕ್ಸಾಸ್ಟ್ ಫ್ಯಾನ್ ಓಡಲಿ. ಅದು ನಿಜವಾಗಿ ಗಾಳಿ ಎಳೆಯುತ್ತಿದೆಯೇ ಎಂದು ನೋಡಲು ಒಂದು ಟಿಶ್ಯೂ ಹಾಳೆಯನ್ನು ಜಾಲರಿಗೆ ಹಿಡಿಯಿರಿ. ಅಂಟಿ ನಿಲ್ಲದೆ ಬಿದ್ದರೆ ಫ್ಯಾನ್ ಬರೀ ಸದ್ದು ಮಾಡುತ್ತಿದೆ. ಫ್ಯಾನಿನ ರೆಕ್ಕೆಗಳ ಮೇಲಿನ ಧೂಳನ್ನು ಸ್ವಿಚ್ ಆರಿಸಿ ಒರೆಸಿ. ಬಾಗಿಲ ಕೆಳಗೆ ಗಾಳಿ ಒಳಬರಲು ಸಂದು ಇದೆಯೇ ಎಂದೂ ನೋಡಿ.

ಬೀರುವನ್ನು ಗೋಡೆಯಿಂದ ಎರಡು ಮೂರು ಇಂಚು ಮುಂದೆ ಎಳೆಯಿರಿ. ಒಳಗೆ ಬಟ್ಟೆ ಕಿಕ್ಕಿರಿದಿದ್ದರೆ ಅರ್ಧ ತೆಗೆದು ವಿಂಗಡಿಸಿ. ಈ ನೆಪದಲ್ಲಾದರೂ ಹಾಕಿಕೊಳ್ಳದ ಬಟ್ಟೆ ಹೊರಗೆ ಹೋಗಲಿ. ನೆಲಕ್ಕೆ, ಗೋಡೆಗೆ ತಾಗಿದ ರಟ್ಟಿನ ಡಬ್ಬಗಳು ತೇವ ಹೀರಿ ಬೂಷ್ಟು ಹಿಡಿಯುತ್ತವೆ. ಅವುಗಳಲ್ಲಿದ್ದದ್ದನ್ನು ಬಿಸಿಲಿಗೆ ಒಣಗಿಸಿ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ. ಒಣಗಿಸದೆ ಮುಚ್ಚಿಟ್ಟರೆ ರಟ್ಟಿಗಿಂತ ಕೆಟ್ಟದಾಗುತ್ತದೆ. ತೇವ ಹೀರುವ ಹರಳಿನ ಡಬ್ಬಿಗಳು ಮುಚ್ಚಿದ ಬೀರುವಿನೊಳಗೆ ಕೆಲಸ ಮಾಡುತ್ತವೆ. ಇಡೀ ಕೋಣೆಗೆ ಒಂದೆರಡು ಇಟ್ಟರೆ ಏನೂ ಆಗುವುದಿಲ್ಲ.

ಕಿಟಕಿ ತೆರೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಹೊರಗಿನ ಗಾಳಿ ಒಣಗಿದ್ದಾಗ ಅದು ಸರಿ. ಜಿಟಿಜಿಟಿ ಮಳೆಯ ದಿನ ಹೊರಗಿನ ಗಾಳಿಯೇ ತೇವ ತುಂಬಿಕೊಂಡಿರುತ್ತದೆ. ಅಂಥ ದಿನ ಫ್ಯಾನ್ ಓಡಿಸಿ ಅಥವಾ ಎಸಿಯ ಡ್ರೈ ಮೋಡ್ ಬಳಸಿ.

ಬೂಷ್ಟು ತೆಗೆಯಲು ಎನ್95 ಮಾಸ್ಕ್, ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ಸೋಪಿನ ಪುಡಿ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಕೂಡಲೇ ಆರಿಸಿ. ಗಾರೆಯ ಗೋಡೆಗೆ ಬ್ಲೀಚ್ ಹಾಕಿದರೆ ಬಣ್ಣ ಹೋದಂತೆ ಕಾಣುತ್ತದೆ, ಒಳಗಿನ ಬೇರು ಉಳಿಯುತ್ತದೆ. ನನಗೇನೂ ಅದರ ಮೇಲೆ ಒಲವಿಲ್ಲ. ಬಳಸಿಯೇ ತೀರುತ್ತೀರಿ ಎಂದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ಡಿನ ಜೊತೆಗಾಗಲಿ, ಅಮೋನಿಯಾ ಇರುವ ಕ್ಲೀನರಿನ ಜೊತೆಗಾಗಲಿ ಯಾವ ಕಾರಣಕ್ಕೂ ಬೆರೆಸಬೇಡಿ. ಏಳುವ ಅನಿಲ ವಿಷ. ಬೂಷ್ಟು ಹಿಡಿದ ಜಾಗ ಮೂರಡಿ ಉದ್ದ ಮೂರಡಿ ಅಗಲಕ್ಕಿಂತ ದೊಡ್ಡದಾಗಿದ್ದರೆ, ಅಥವಾ ಮನೆಯಲ್ಲಿ ಉಬ್ಬಸದವರಿದ್ದರೆ, ಬೇರೆಯವರಿಂದ ಮಾಡಿಸುವುದು ಒಳ್ಳೆಯದು.

ಪೈಪಿನ ಮೇಲೆ ಅನುಮಾನ ಇದ್ದರೆ

ಗೋಡೆ ಒಡೆಯುವ ಮಾತು ಆಮೇಲೆ. ಮೊದಲು ಫ್ಲಶ್ ಟ್ಯಾಂಕ್ ನೋಡಿ. ಅದರೊಳಗೆ ತಿನಿಸಿಗೆ ಹಾಕುವ ಬಣ್ಣ ಎರಡು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಬಣ್ಣ ಕೆಳಗೆ ಕಮೋಡಿಗೆ ಇಳಿದಿದ್ದರೆ ಅದರ ರಬ್ಬರ್ ಸೋರುತ್ತಿದೆ. ಇದನ್ನು ಮೊದಲು ಸರಿ ಮಾಡದಿದ್ದರೆ ಮುಂದಿನ ಪರೀಕ್ಷೆ ಸುಳ್ಳಾಗುತ್ತದೆ.

ಈಗ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಓದಿಕೊಳ್ಳಿ. ಎರಡು ಗಂಟೆ ಯಾರೂ ನೀರು ಮುಟ್ಟಬಾರದು. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಮೇಲಿನ ಟ್ಯಾಂಕಿನಿಂದ ನೀರು ಬರುವ ಮನೆಯಾದರೆ ಮೀಟರ್ ಏನೂ ಹೇಳದಿರಬಹುದು. ಅಲ್ಲಿ ರಾತ್ರಿ ಪಂಪ್ ಆರಿಸಿ, ಟ್ಯಾಂಕಿಗೆ ನೀರು ತುಂಬುವ ದಾರಿಯನ್ನೂ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಗ್ಗೆ ನೋಡಿ. ಟ್ಯಾಂಕಿನಿಂದ ಇಳಿಯುವ ವಾಲ್ವ್ ಮುಚ್ಚಿ ಇನ್ನೊಂದು ರಾತ್ರಿ ಹೀಗೇ ಮಾಡಿ. ವಾಲ್ವ್ ಮುಚ್ಚಿದಾಗ ಮಟ್ಟ ನಿಂತು, ತೆರೆದಾಗ ಇಳಿದರೆ ತೊಂದರೆ ಪೈಪಿನಲ್ಲಿದೆ. ಮುಚ್ಚಿದರೂ ಇಳಿದರೆ ಟ್ಯಾಂಕೇ ಸೋರುತ್ತಿರಬೇಕು, ಇಲ್ಲವೇ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಕಲೆಯ ಜಾಗ ಮುಟ್ಟಿದರೆ ಬೆಚ್ಚಗಿದೆಯೇ? ಬಿಸಿನೀರಿನ ಪೈಪನ್ನು ಮೊದಲು ನೋಡಿ.

ಮಟ್ಟ ಇಳಿಯಲೇ ಇಲ್ಲ ಎಂದಾದರೆ ಬಚ್ಚಲಿನ ನೆಲ ಉಳಿಯಿತು. ನೀರು ಹೋಗುವ ತೂತಿಗೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಿಗಿಯಾಗಿ ತುರುಕಿ, ಒಂದಿಂಚು ಬಣ್ಣದ ನೀರು ನಿಲ್ಲಿಸಿ, ಒಂದು ದಿನ ಬಿಡಿ. ಹೊಸಿಲು ದಾಟಿ ಕೋಣೆಗೆ ಹರಿಯದಂತೆ ನೋಡಿಕೊಳ್ಳಿ. ನೀರು ಇಳಿದು ಕಲೆ ಹರಡಿದರೆ ನೆಲದ ಟೈಲ್ಸ್ ಸಂದಿ ಅಥವಾ ಅದರ ಕೆಳಗಿನ ಪದರ ಹೋಗಿದೆ. ನಿಂತ ನೀರು ನಿಂತೇ ಇದ್ದು, ಬಟ್ಟೆ ತೆಗೆದು ನೀರು ಬಿಟ್ಟ ಮೇಲೆ ಕಲೆ ಒದ್ದೆಯಾದರೆ ಹೊರಹೋಗುವ ಪೈಪಿನ ಜೋಡಣೆ ಸೋರುತ್ತಿದೆ. ಎರಡೂ ಅಲ್ಲದೆ ಶವರ್ ಹಾಕಿದಾಗ ಮಾತ್ರ ಒದ್ದೆಯಾದರೆ ಗೋಡೆಯ ಟೈಲ್ಸ್ ಸಂದಿ, ನಲ್ಲಿ ಗೋಡೆಯಿಂದ ಹೊರಬರುವ ಜಾಗ ನೋಡಿ. ಸಂದಿ ತುಂಬುವುದು ಮನೆಯಲ್ಲೇ ಆಗುವ ಕೆಲಸ: ಹಳೆಯದನ್ನು ಕೆರೆದು ತೆಗೆದು, ಪೂರ್ತಿ ಒಣಗಿಸಿ, ಹೊಸ ಗ್ರೌಟ್ ತುಂಬಿ. ಹಳೆಯದರ ಮೇಲೆ ಮೆತ್ತಿದ್ದು ನಿಲ್ಲುವುದಿಲ್ಲ. ನೆಲ ಮತ್ತು ಗೋಡೆ ಸೇರುವ ಮೂಲೆಗೆ ಗ್ರೌಟ್ ಬದಲು ಸಿಲಿಕೋನ್ ಬೇಕು. ಅಲ್ಲಿ ಅಲುಗಾಟ ಇರುತ್ತದೆ, ಗ್ರೌಟ್ ಬಿರಿಯುತ್ತದೆ.

ಮಳೆಯ ದಾರಿ

ಮೊದಲು ತಾರಸಿಗೆ ಹತ್ತಿ ನೀರು ಹೋಗುವ ಕಿಂಡಿ ನೋಡಿ. ಎಲೆ, ಕಸ ಕಟ್ಟಿಕೊಂಡು ಮಳೆ ನೀರು ಕೆರೆಯಂತೆ ನಿಲ್ಲುತ್ತಿದ್ದರೆ ಪೊರಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಆಮೇಲೆ ಕಿಟಕಿ. ಕೆಳಗಿನ ಹಲಗೆಯೋ ಕಲ್ಲೋ ಹೊರಗೆ ಇಳಿಜಾರಾಗಿದೆಯೇ? ಹೊರಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೆ ಕೊರೆದ ಒಂದು ಸಣ್ಣ ಗೆರೆ ಇರುತ್ತದೆ, ನೀರು ಹಿಂದಕ್ಕೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಬಣ್ಣ ಬಳಿದು ಬಳಿದು ಅದು ಮುಚ್ಚಿಹೋಗಿದ್ದರೆ ನೀರು ನೇರ ಗೋಡೆಗೇ ಬರುತ್ತದೆ. ಮೊಳೆಯಿಂದ ಕೆರೆದು ಬಿಡಿಸಿದರೆ ಸಾಕು.

ಕಣ್ಣಿಗೆ ಏನೂ ಕಾಣದಿದ್ದರೆ ಒಣಗಿದ ದಿನ ಪೈಪು ಹಿಡಿದು ಹೊರಗೋಡೆಗೆ ನೀರು ಬಿಡಿ. ಕೆಳಗಿನಿಂದ ಶುರುಮಾಡಿ, ಒಂದು ಜಾಗಕ್ಕೆ ಹದಿನೈದು ನಿಮಿಷವಾದರೂ ಬಿಟ್ಟು, ಆಮೇಲೆ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ನೀರು ಎಲ್ಲದರ ಮೇಲೂ ಇಳಿದು ಯಾವ ಬಿರುಕು ಎಂದು ಗೊತ್ತಾಗುವುದಿಲ್ಲ. ಒಳಗೆ ಒಬ್ಬರು ಟಾರ್ಚ್ ಹಿಡಿದು ನೋಡುತ್ತಿರಲಿ. ಸ್ವಿಚ್ ಬೋರ್ಡ್ ಇರುವ ಗೋಡೆಯಾದರೆ ಆ ಭಾಗದ ಕರೆಂಟ್ ಆರಿಸಿಡಿ.

ಬಿರುಕು ಸಿಕ್ಕಿದರೆ ಎರಡು ತುದಿಗೂ ಗುರುತು ಹಾಕಿ. ಉದ್ದ ಬೆಳೆಯುತ್ತಿರುವ ಬಿರುಕಿಗೆ ಸಿಮೆಂಟ್ ಮೆತ್ತಿ ಉಪಯೋಗವಿಲ್ಲ, ರಬ್ಬರಿನಂತೆ ಹಿಗ್ಗುವ ಸೀಲೆಂಟ್ ಬೇಕು. ಬೆಳವಣಿಗೆ ನಿಲ್ಲದೆ ಅಗಲವೂ ಆಗುತ್ತಿದ್ದರೆ ಇಂಜಿನಿಯರಿಗೆ ತೋರಿಸಿ. ಮುಚ್ಚುವ ಕೆಲಸ ಯಾವಾಗಲೂ ಹೊರಗಿನ ಕಡೆಯಿಂದ. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ನೀರು ಗೋಡೆಯೊಳಗೇ ಸಿಕ್ಕಿಬಿದ್ದು, ಬಣ್ಣವನ್ನು ಗುಳ್ಳೆ ಎಬ್ಬಿಸಿ ತಳ್ಳುತ್ತದೆ.

ನೆಲದ ತೇವ

ಹೊರಗೆ ಹೋಗಿ ಗೋಡೆಯ ಬುಡ ನೋಡಿ. ತೇವ ತಡೆಯಲೆಂದು ಬುಡದಲ್ಲಿ ಹಾಕಿದ ಪದರಕ್ಕಿಂತ ಹೊರಗಿನ ಮಣ್ಣು ಸುಮಾರು 15 ಸೆಂಟಿಮೀಟರ್ ಆದರೂ ಕೆಳಗಿರಬೇಕು. ವರ್ಷಗಳು ಕಳೆದಂತೆ ಗಿಡದ ಪಾತಿ, ಮಣ್ಣಿನ ರಾಶಿ, ಹೊಸ ಕಲ್ಲುಹಾಸು ಸೇರಿ ನೆಲ ಮೇಲೇರಿ ಆ ಪದರವನ್ನೇ ದಾಟಿರುತ್ತದೆ. ಮಣ್ಣು ತೆಗೆದು, ನೀರು ಗೋಡೆಯಿಂದ ದೂರ ಹರಿಯುವಂತೆ ಇಳಿಜಾರು ಮಾಡಿ. ಪದರವೇ ಇಲ್ಲದ ಅಥವಾ ಹಾಳಾದ ಹಳೆಯ ಗೋಡೆಗೆ ಮಾತ್ರ ದೊಡ್ಡ ಕೆಲಸ ಬೇಕು.

ಇಲ್ಲೊಂದು ಗೊಂದಲವಿದೆ. ನೀರಿನ ದಾರಿ ಮುಚ್ಚಿದ ಮೇಲೂ ಕೆಲವು ಗೋಡೆಗಳು ಮೋಡದ ದಿನ ಒದ್ದೆಯಾಗಿ, ಬಿಸಿಲಿನ ದಿನ ಒಣಗುತ್ತವೆ. ಕೆಲಸ ಮಾಡಿದವರು ಮೋಸ ಮಾಡಿದರು ಎಂದು ಜಗಳಕ್ಕೆ ಹೋಗಬೇಡಿ. ಮಣ್ಣಿನಿಂದ ಬಂದ ಕೆಲವು ಉಪ್ಪುಗಳು ಗಾಳಿಯ ತೇವವನ್ನು ತಾವೇ ಎಳೆದುಕೊಳ್ಳುತ್ತವೆ. ಕಲೆಯ ಆಕಾರ ಬದಲಾಗದೆ, ಗಾಳಿಯ ತೇವಕ್ಕೆ ತಕ್ಕಂತೆ ಬಂದು ಹೋಗುತ್ತಿದ್ದರೆ ಇದೇ ಕಾರಣ ಇರಬಹುದು. ಆ ಭಾಗದ ಪ್ಲಾಸ್ಟರ್ ಕಿತ್ತು ಹೊಸದಾಗಿ ಹಾಕದೆ ಅದು ಹೋಗುವುದಿಲ್ಲ.

ಬಣ್ಣ ಯಾವಾಗ

ಗೋಡೆ ಒಣಗಲು ಒಂದಿಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬ ಅಂದಾಜು ಬಳಕೆಯಲ್ಲಿದೆ. ಪೂರ್ತಿ ನೆನೆದ ಒಂಬತ್ತು ಇಂಚಿನ ಗೋಡೆಗೆ ಎಷ್ಟು ತಿಂಗಳು ಎಂದು ನೀವೇ ಲೆಕ್ಕ ಹಾಕಿ. ಮೇಲ್ಮೈ ಮಾತ್ರ ನೆನೆದಿದ್ದರೆ ಇಷ್ಟೆಲ್ಲ ಬೇಡ. ಉಬ್ಬಿದ ಬಣ್ಣ, ಮೆತ್ತಗಾದ ಪುಟ್ಟಿ ಕೆರೆದು ತೆಗೆದುಬಿಟ್ಟರೆ ಬೇಗ ಆರುತ್ತದೆ. ನೋಡಲು ಅಸಹ್ಯವಾಗಿರುತ್ತದೆ, ಸ್ವಲ್ಪ ದಿನ ತಡೆದುಕೊಳ್ಳಿ. ಪೆನ್ಸಿಲ್ ಗೆರೆ ದಾಟಿ ಒದ್ದೆ ಹರಡದೆ ಒಂದು ಮಳೆಯ ಅವಧಿ ಕಳೆದು, ಮತ್ತೆ ಅಂಟಿಸಿದ ಫಾಯಿಲಿನ ಗೋಡೆಯ ಕಡೆ ಒಣಗಿದ್ದರೆ ಪ್ರೈಮರ್ ಹಚ್ಚಬಹುದು.

ಇಷ್ಟೆಲ್ಲ ಮಾಡಿಯೂ ದಾರಿ ಸಿಗದಿದ್ದರೆ ಪ್ಲಂಬರನ್ನೋ ವಾಟರ್‌ಪ್ರೂಫಿಂಗ್ ಮಾಡುವವರನ್ನೋ ಕರೆಯಿರಿ. ಆಗ ಗೆರೆಯ ತಾರೀಖು, ಮಳೆ ಮತ್ತು ಬಳಕೆಯ ಚೀಟಿ, ಟ್ಯಾಂಕ್ ಪರೀಕ್ಷೆಯ ಫಲಿತಾಂಶ ಮೂರನ್ನೂ ಅವರ ಮುಂದಿಡಿ. ಅದನ್ನು ನೋಡದೆ, ಏನೂ ಕೇಳದೆ, ಇಡೀ ತಾರಸಿಗೆ ಕೋಟಿಂಗ್ ಮಾಡಿಸಿ ಎನ್ನುವವರಿಗೆ ಕೆಲಸ ಕೊಡುವ ಮೊದಲು ಇನ್ನೊಬ್ಬರನ್ನು ಕೇಳಿ.